ಎರಡನೇ ಹೆಸರಿನಿಂದ

ನನ್ನ ಬಳಿ ಒಂದು ಕ್ಯಾಸೆಟ್ ಇದೆ. ಒಂದು ತಾಸಿನ ಆ ಕ್ಯಾಸೆಟ್ಟಿನಲ್ಲಿ ಎಂಟು ಕಡೆ ಏನೂ ಕೇಳಿಸುವುದಿಲ್ಲ. ಟೇಪು ಹಳೆಯದಾಗಿ ಹಾಗಾದದ್ದಲ್ಲ, ಮಷೀನು ಕೆಟ್ಟು ಆದದ್ದೂ ಅಲ್ಲ. ಆ ಎಂಟೂ ಕಡೆ ನಾನೇ ಕೂತು ಅಳಿಸಿದ್ದೇನೆ. ಜಹೀರಾಬಾದಿನಲ್ಲಿ ವರ್ಷಗಟ್ಟಲೆ ಕ್ಯಾಸೆಟ್ ತುಂಬಿಕೊಡುವ ಅಂಗಡಿ ನಡೆಸಿದವನು ನಾನು. ಹಾಡಿನ ನಡುವೆ ಒಂದು ಕೆಮ್ಮು ನುಸುಳಿದರೂ ಮುಖ ಗಂಟು ಹಾಕಿಕೊಳ್ಳುತ್ತಿದ್ದವನು. ಅಂಥವನು ತನ್ನ ಕೈಯಿಂದ ಆದ ಒಂದೇ ಒಂದು ಒಳ್ಳೆಯ ರೆಕಾರ್ಡಿಂಗನ್ನು ತಾನೇ ಹಾಳುಮಾಡಿದ್ದೇಕೆ ಎಂದು ಕೇಳಿದವರಿಗೆಲ್ಲ ಒಂದು ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯುತ್ತಿರುವುದು ಆ ಕ್ಯಾಸೆಟ್ಟಿನಲ್ಲಿ ಹಾಡಿದವನ ಬಗ್ಗೆ. ಅವನ ಹೆಸರನ್ನು ಬರೆಯುವುದಿಲ್ಲ, ಬೇರೆ ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ನನ್ನ ನಾಲಿಗೆ ಒಮ್ಮೆ ಮಾಡಿದ ಕೆಲಸವೇ ಸಾಕು.

ಅವನನ್ನು ಮೊದಲು ಕೇಳಿದ್ದು ನಾರಾಯಣಖೇಡದ ಬಸ್ ನಿಲ್ದಾಣದಲ್ಲಿ, ಮಟಮಟ ಮಧ್ಯಾಹ್ನ. ಪ್ರತ್ಯೇಕ ರಾಜ್ಯದ ಕೂಗು ಮತ್ತೆ ಎದ್ದಿದ್ದ ಕಾಲ. ಎಲ್ಲೋ ರಸ್ತೆ ತಡೆದಿದ್ದರು, ಬಸ್ಸುಗಳು ನಿಂತಲ್ಲೇ ನಿಂತಿದ್ದವು. ಅಲ್ಲಿನ ಅಂಗಡಿಯೊಂದಕ್ಕೆ ಸಿನಿಮಾ ಹಾಡಿನ ಕ್ಯಾಸೆಟ್ ಕೊಡಲು ಹೋಗಿದ್ದ ನಾನು ಚಳವಳಿಯವರನ್ನೂ ಸರ್ಕಾರವನ್ನೂ ಸಮನಾಗಿ ಬೈದುಕೊಳ್ಳುತ್ತ ಕಟ್ಟೆಯ ಮೇಲೆ ಕೂತಿದ್ದೆ. ಆಗ ಒಂದು ಸಪ್ಪಳ ಕೇಳಿಸಿತು. ತಾಳವಲ್ಲ, ಚಿಟಿಕೆಯಲ್ಲ, ಕಂಚಿನದೂ ಅಲ್ಲ. ಒಣಗಿದ, ತೆಳುವಾದ, ಆದರೆ ಕೊನೆಯಲ್ಲಿ ಗುಂಯ್ ಎಂದು ಒಂದು ಎಳೆ ಉಳಿಸಿ ಹೋಗುವ ಸಪ್ಪಳ. ತಿರುಗಿ ನೋಡಿದರೆ ನಲವತ್ತು ದಾಟಿದ ಒಬ್ಬಾತ, ಕುತ್ತಿಗೆಯವರೆಗೆ ಕೂದಲು ಬಿಟ್ಟವನು, ಬೆರಳುಗಳ ನಡುವೆ ಎರಡು ಕಲ್ಲಿನ ಪಟ್ಟಿ ಹಿಡಿದು ಬಾರಿಸುತ್ತಿದ್ದ. ನಾವು ಮನೆಗೆ ನೆಲ ಹಾಸುವ ತಾಂಡೂರಿನ ನೀಲಿಗಲ್ಲು. ಗೇಣುದ್ದ ಕತ್ತರಿಸಿ ಅಂಚು ನಯ ಮಾಡಿದ್ದ.

ಬಸ್ಸಿಲ್ಲದೆ ಒಣಗುತ್ತಿದ್ದ ಜನಕ್ಕೆ ಅವನು ಹಾಡಿದ. ಒಂದು ಸಾಲು ಕನ್ನಡ, ಮುಂದಿನದು ತೆಲುಗು, ನಡುವೆ ದಖನಿ ಉರ್ದುವಿನಲ್ಲಿ ಒಂದು ಚೇಷ್ಟೆ. ನಮ್ಮ ಕಡೆ ಮಾತಾಡುವುದೇ ಹಾಗೆ, ಆದರೆ ಹಾಗೆ ಹಾಡುವವರಿರಲಿಲ್ಲ. ಹಾಡು ಎಂದರೆ ಯಾವುದೋ ಒಂದು ಭಾಷೆಯ ಅಂಗಿ ತೊಟ್ಟು ಬರಬೇಕು ಎಂದು ನಾವೆಲ್ಲ ನಂಬಿದ್ದೆವು. 'ಅತ್ತೀ ಕಡಿ ಬೋರ್ಡು, ಇತ್ತೀ ಕಡಿ ಬೋರ್ಡು, ನಡುವಿನ ಬಾವಿ ಯಾರ್ದಣ್ಣ' ಎಂದು ಅವನು ಕೇಳಿದಾಗ ನ್ಯಾಲ್ಕಲ್ ಕಡೆಯ ಗಡಿ ಹಳ್ಳಿಯ ಹೆಂಗಸೊಬ್ಬಳು ಬಾಯಿಗೆ ಸೆರಗು ಹಿಡಿದು ನಕ್ಕಳು. ನನ್ನ ಮೈ ಜುಮ್ಮೆಂದಿತು. ಆ ಹೊತ್ತಿನಿಂದ ನಾನು ಅವನ ಹುಚ್ಚ.

ಅವನು ತಾಂಡೂರಿನ ಕಲ್ಲಿನ ಗಣಿಯಲ್ಲಿ ಹದಿನೈದು ವರ್ಷ ಕೆಲಸ ಮಾಡಿ ಬಿಟ್ಟವನು. ಮನೆ ಮಾಡಿಕೊಳ್ಳಲಿಲ್ಲ, ಮದುವೆಯಾಗಲಿಲ್ಲ. ಯಾವ ಓಣಿಯಲ್ಲಿ ಕರೆದರೆ ಆ ಓಣಿಯಲ್ಲಿ ಉಣ್ಣುತ್ತಿದ್ದ. ಮೇಲಿನ ಓಣಿಯವರ ಮನೆಯಲ್ಲಿ ಉಂಡು ಕೆಳಗಿನ ಓಣಿಯಲ್ಲಿ ಮಲಗುತ್ತಿದ್ದ. ರಾಜ್ಯ ಬೇಕೆಂದು ಹಾಡುತ್ತಿದ್ದ, ಬಂದ ಮೇಲೆ ಗಂಜಿ ಯಾರ ಗಡಿಗೆಯಲ್ಲಿ ಎಂದೂ ಹಾಡುತ್ತಿದ್ದ. ಹಾಗಾಗಿ ವೇದಿಕೆಯ ಮೇಲಿನ ಮುಖಂಡರಿಗೂ ಅವನು ಅಷ್ಟಕ್ಕಷ್ಟೆ. ಠಾಣೆಯವರಿಗಂತೂ ಅವನ ಮೇಲೆ ಬೇರೆಯೇ ಗುಮಾನಿ. ಊರೂರು ತಿರುಗುವವನು ಕಾಡಿನಲ್ಲಿ ಬಂದೂಕು ಹಿಡಿದವರಿಗೆ ಸುದ್ದಿ ಮುಟ್ಟಿಸುತ್ತಾನೆ ಎಂದು ಹೋಟೆಲುಗಳಲ್ಲಿ ಪಿಸುಮಾತು. ಅವನು ಹಾಡಿದ ಊರಿಗೆ ಮರುದಿನ ಒಂದು ಜೀಪು ಬಂದು ಹೋಗುತ್ತಿತ್ತು. ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಒಂದು ಸುತ್ತು ಹಾಕಿ ಹೋಗುತ್ತಿತ್ತು.

ನನ್ನ ಸೋದರಮಾವ ನ್ಯಾಲ್ಕಲ್ ಕಡೆಯ ಊರಿನವನು. ಹೊಲ ಮನೆ ಇದ್ದವನು, ಕೊರಳಲ್ಲಿ ಲಿಂಗ, ಗಂಟಲಲ್ಲಿ ಕಹಳೆ. ಸುತ್ತಲ ಹತ್ತು ಹಳ್ಳಿಯ ಮದುವೆಗಳಲ್ಲಿ ಆಹೇರ ಕೂಗುವವನು ಅವನೇ. ನಮ್ಮ ಕಡೆ ಮದುವೆಯ ಉಡುಗೊರೆಯನ್ನು ಸುಮ್ಮನೆ ಕೈಗಿಟ್ಟು ಹೋಗುವಂತಿಲ್ಲ. ಯಾರು, ಏನು ಕೊಟ್ಟರು ಎಂದು ಹಂದರದ ತುದಿಗೂ ಕೇಳುವಂತೆ ಒಬ್ಬ ಕೂಗಬೇಕು. ಕೂಗದ ಆಹೇರ ಕೊಟ್ಟಂತೆಯೇ ಅಲ್ಲ. ಎಂಥೆಂಥವರೂ ತಮ್ಮ ಹೆಸರು ತಪ್ಪಿತೆಂದು ಊಟ ಬಿಟ್ಟು ಎದ್ದುಹೋದದ್ದನ್ನು ನೋಡಿದ್ದೇನೆ.

ಮಾವ ಹಾಡುಗಾರನನ್ನು ಎಳ್ಳಮಾವಾಸ್ಯೆಗೆ ತನ್ನ ಹೊಲಕ್ಕೆ ಕರೆದ. ಆ ದಿನ ಊರಿಗೆ ಊರೇ ಹೊಲದಲ್ಲಿ ಉಣ್ಣುತ್ತದೆ, ಹಾಡಿಗೆ ಅದಕ್ಕಿಂತ ಒಳ್ಳೆಯ ಹಗಲಿಲ್ಲ. ಕರೆಯಲು ಹೋದಾಗ ಜೊತೆಗೆ ನಾನೂ ಇದ್ದೆ. ಅವನು ಒಂದು ಷರತ್ತು ಹಾಕಿದ.

"ಬರ್ತೀನ್ರಿ. ಆಹೇರಾನೂ ತಗೋತೀನಿ. ಖರೆ ಕೂಗೋದು ನಾ ಹೇಳಿದಂಗ ಆಗ್ಬೇಕು. ಗೌಡ ಇಲ್ಲ, ಶೆಟ್ಟಿ ಇಲ್ಲ, ಇಂಥವನ ಮಗ ಇಲ್ಲ, ಇಂಥವನ ಹೇಣ್ತಿ ಇಲ್ಲ. ಬರೇ ಹೆಸರು. ಎಲ್ಲಾರ್ದೂ ಒಂದೇ ದನ್ಯಾಗ."

ಮಾವ ಮೀಸೆ ತಿರುವಿದ. "ನಂದೂ?"

"ನಿಮ್ದೂ."

ಮಾವ ಜೋರಾಗಿ ನಕ್ಕ. ಒಪ್ಪಿದ. ನನಗೆ ಆಗ ಅದೊಂದು ತಮಾಷೆಯಂತೆ ಕಂಡಿತ್ತು. ಬರೀ ಹೆಸರಿನ ಇನ್ನೊಂದು ಉಪಯೋಗ ನನಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ಒಂದೊಂದು ಹೆಸರಿಗೆ ಊರೂರಿಗೆ ಹತ್ತು ಮಂದಿ. ಅಡ್ಡಹೆಸರು, ಅಪ್ಪನ ಹೆಸರು, ಊರು ಇಲ್ಲದ ಬರೀ ಹೆಸರನ್ನು ಹಿಡಿದು ಯಾರನ್ನೂ ಹುಡುಕಲಾಗದು. ಅವನಿಗೆ ಅದು ಗೊತ್ತಿತ್ತು.

ಎಳ್ಳಮಾವಾಸ್ಯೆಯ ಆ ಮಧ್ಯಾಹ್ನ ನಾನು ದೊಡ್ಡ ಸೆಲ್ಲುಗಳ ಟೇಪ್ ರೆಕಾರ್ಡರನ್ನು ಗೋಣಿಚೀಲದ ಮೇಲಿಟ್ಟು, ಗಾಳಿಯ ಭರಾಟೆ ತಡೆಯಲು ಮೈಕಿಗೆ ಮಾವನ ಹೆಂಡತಿ ಮಾವಿಯ ಹಳೆಯ ಕುಬಸದ ಬಟ್ಟೆ ಸುತ್ತಿ ಕೂತೆ. ಬಿಳಿಜೋಳ ಎದೆಮಟ್ಟ ನಿಂತಿತ್ತು. ಮೇಲಿನ ಓಣಿ ಕೆಳಗಿನ ಓಣಿ ಒಂದೇ ಸಾಲಿನಲ್ಲಿ ಕೂತು ಕಾಳು ಸೊಪ್ಪಿನ ಭಜ್ಜಿ, ರೊಟ್ಟಿ ಉಂಡಿದ್ದವು. ಇದು ಆ ಊರಿನಲ್ಲಿ ಅದಕ್ಕೆ ಮೊದಲು ಆಗಿರಲಿಲ್ಲ. ಅವನು ಒಂದು ಹಾಡು ಹಾಡುವುದು, ಮಾವ ಎದ್ದು ಒಂದು ಆಹೇರ ಕೂಗುವುದು, ಮತ್ತೆ ಹಾಡು. ಎಂಟು ಹಾಡು, ಎಂಟು ಹೆಸರು.

ಮೊದಲನೆಯದು ನನ್ನದು. ಎರಡು ಖಾಲಿ ಕ್ಯಾಸೆಟ್. ಮೊದಲು ನನ್ನದನ್ನೇ ಕೂಗು ಎಂದು ಮಾವನನ್ನು ನಾನೇ ಪೀಡಿಸಿದ್ದೆ. ಇಂಥ ಗಾಯಕನಿಗೆ ಮೊದಲ ಆಹೇರ ನನ್ನದೇ ಆಗಬೇಕೆಂಬ ಹಟ. ಎರಡನೆಯದು ಚಪ್ಪಲಿ ಹೊಲಿಯುವ ಮುದುಕನದು. ಹಾಡುಗಾರನ ಪಾದವನ್ನು ಕಾಗದದ ಮೇಲೆ ಗೆರೆ ಎಳೆದುಕೊಂಡು ಹೋಗಿ ಹೊಲಿದು ತಂದಿದ್ದ ಜೋಡು. ಮೂರನೆಯದು ಬಳೆ ಮಾರುವವನ ರುಮಾಲು. ನಾಲ್ಕನೆಯದು ಮಾವನದೇ, ಒಂದು ಧೋತರ. ತನ್ನ ಹೆಸರನ್ನು ತಾನೇ ಬರಿದಾಗಿ ಕೂಗಿಕೊಳ್ಳುವಾಗ ಅವನ ದನಿ ಒಂದು ಚೂರು ನಡುಗಿತು. ಆಮೇಲೆ ಜೋಳ, ಕುಂಬಳಕಾಯಿ, ಕಲ್ಹೇರಿನ ಮುದುಕಿಯೊಬ್ಬಳ ತೆಂಗಿನಕಾಯಿ. ಎಂಟನೆಯದು ತಾಂಡೂರಿನಿಂದ ಬಂದಿದ್ದ ಹೆಂಗಸಿನದು. ಕಲ್ಲಿಗೆ ಪಾಲಿಶ್ ಹಾಕುವ ಕೂಲಿ, ಅವನಿಗೆ ರಕ್ತಸಂಬಂಧ ಏನೂ ಅಲ್ಲ. ಅವಳು ಕೊಟ್ಟದ್ದು ದಾರಿಗೆಂದು ಕಟ್ಟಿದ ಸಜ್ಜೆರೊಟ್ಟಿಯ ಗಂಟು. ಹುಟ್ಟಿದ ಮೇಲೆ ತನ್ನ ಹೆಸರನ್ನು ಯಾರೂ ಎತ್ತರದ ದನಿಯಲ್ಲಿ ಕೂಗಿದ್ದಿಲ್ಲ ಎಂದು ಅವಳು ಅತ್ತಳು. ಅದೂ ಟೇಪಿನಲ್ಲಿ ಬಂದಿದೆ.

ನನಗೆ ಮಾತ್ರ ಆ ಹೆಸರುಗಳು ಕಿರಿಕಿರಿ. ಅಂಗಡಿಗೆ ಬಂದು ಹಾಡಷ್ಟನ್ನೇ ಉಳಿಸಿ ಚೊಕ್ಕಟವಾದ ಪ್ರತಿ ಮಾಡಿದೆ. ಊರಿಗೆ ಒಯ್ದು ಹಚ್ಚಿದರೆ ಜನ ನನ್ನ ಮೇಲೆ ಹರಿಹಾಯ್ದರು. ನಮ್ಮ ಹೆಸರೆಲ್ಲಿ, ನಮ್ಮ ಚಪ್ಪಲಿ ಎಲ್ಲಿ, ಕುಂಬಳಕಾಯಿ ಎಲ್ಲಿ? ಹಾಡುಗಾರ ಅಲ್ಲೇ ಇದ್ದ. ಅವನೇ ದಾರಿ ಹೇಳಿದ.

"ಹೆಸರು ಇದ್ದಿದ್ದು ಅವರವರಿಗೆ ಕೊಡ್ರಿ. ಹೊರಗಿನವರಿಗೆ ಬರೇ ಹಾಡು. ಹಾಡು ಹಂಚ್ರಿ, ಹೆಸರು ನಿಮ್ಮ ಹಂತೇಕ ಇರ್ಲಿ."

ಹಾಗೆಯೇ ಮಾಡಿದೆ. ಪೂರಾ ಇದ್ದ ಏಳು ಪ್ರತಿ ಏಳು ಮನೆಗೆ, ಅಸಲು ನನ್ನ ಕಪಾಟಿನಲ್ಲಿ. ತಾಂಡೂರಿನ ಹೆಂಗಸಿನ ಪ್ರತಿಯನ್ನು ಮಾವ ತಾನೇ ಮುಟ್ಟಿಸಿ ಬಂದ. ಬರೀ ಹಾಡಿನ ಪ್ರತಿ ಮಾತ್ರ ಎಲ್ಲೆಲ್ಲಿಗೋ ಹೋಯಿತು. ಬೊಮ್ರಾಸಪೇಟೆಯ ಚಹಾ ಅಂಗಡಿಯಲ್ಲಿ ಅದನ್ನು ಕೇಳಿದೆನೆಂದು ಯಾರೋ ಹೇಳಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಬೇಸಿಗೆ ಹತ್ತಿದಾಗ ಅಂಗಡಿಗೆ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ವಿಭೂತಿ, ನಮ್ಮದೇ ಮಾತು. ಕಾಲಲ್ಲಿ ಬೂಟು. ಉರಿಬಿಸಿಲಲ್ಲಿ ನಮ್ಮ ಪೇಟೆಯಲ್ಲಿ ಬೂಟು ಹಾಕುವವರು ಯಾರು? ಟೇಪಿನ ಮೇಲಿನ ನೊಣದ ಸಪ್ಪಳ ಹಿಡಿಯುವ ನನ್ನ ಕಿವಿಗೆ ಆ ಬೂಟಿನ ಸಪ್ಪಳವೂ ಬಿತ್ತು. ಆದರೆ ಅಷ್ಟರಲ್ಲಿ ಅವನು ಬಾಯಿ ತೆರೆದಿದ್ದ.

"ಆ ಕಲ್ಲಿನ ದನಿ ಹ್ಯಾಂಗ ಹಿಡದೀರ್ರಿ? ನಾ ಭಾಳ ಕ್ಯಾಸೆಟ್ ಕೇಳೀನಿ. ಇಂಥಾದು ಎಲ್ಲೂ ಕೇಳಿಲ್ಲ."

ಅಷ್ಟು ಸಾಕಾಯಿತು. ನನ್ನ ಇಡೀ ಆಯುಷ್ಯದಲ್ಲಿ ಹಾಡಿದವನನ್ನು ಹೊಗಳಿದವರಿದ್ದರು, ಹಿಡಿದವನನ್ನು ಹೊಗಳಿದವರಿರಲಿಲ್ಲ. ಕುರ್ಚಿ ಕೊಟ್ಟೆ, ಚಹಾ ಹೇಳಿದೆ. ಕುಬಸದ ಬಟ್ಟೆಯ ಉಪಾಯವನ್ನೂ ಹೇಳಿದೆ. ಅವನು ಮೆಚ್ಚಿ ತಲೆದೂಗಿ, ತಾನು ಕಲ್ಹೇರಿನ ಅಳಿಯ ಅಂದ. "ತೆಂಗಿನಕಾಯಿ ಕೊಟ್ಟಾಕಿ ನಮ್ಮತ್ತಿನೇ. ಆಕೀ ಹತ್ರ ಇದ್ದ ಕ್ಯಾಸೆಟ್ ಸಿಕ್ಕಿ ಹರೀತು. ತನ್ನ ಹೆಸರು ಇನ್ನೊಮ್ಮಿ ಕೇಳ್ಬೇಕಂತಾಳ. ಪೂರಾ ಇದ್ದದ್ದು ಒಂದು ಮಾಡಿಕೊಡ್ರಿ."

ಮನೆಯವನೇ ಅಂದಮೇಲೆ ಅಡ್ಡಿಯೇನು? ಅಸಲು ಹಚ್ಚಿ ಪ್ರತಿಗೆ ಇಟ್ಟೆ. ಪ್ರತಿ ಆಗಲು ಪೂರ್ತಿ ಒಂದು ತಾಸು ಬೇಕು. ಆ ತಾಸಿಡೀ ಹಾಡು ಕೇಳುತ್ತ ಮಾತಾಡುತ್ತ ಕೂತೆವು. ಒಂದೊಂದು ಹೆಸರು ಬಂದಾಗಲೂ ಅವನು ಕುತೂಹಲದಿಂದ ಕೇಳುತ್ತಿದ್ದ. ಮೊದಲನೆಯದಕ್ಕೆ ನಾನೇ ಎದೆ ಮುಟ್ಟಿಕೊಂಡು ನಕ್ಕೆ. ಅವನೂ ನಕ್ಕ. ಎರಡನೆಯದಕ್ಕೆ, "ಇವ್ರು ಯಾರ್ರಿ? ಚಪ್ಪಲಿ ಕೊಟ್ಟವ್ರು? ಭಾರಿ ಮನಸಿನವ್ರು" ಅಂದ. ನಾನು ಊರು ಹೇಳಿದೆ, ಓಣಿ ಹೇಳಿದೆ, ಮನೆಯ ಮುಂದಿನ ಬೇವಿನ ಮರವನ್ನೂ ಹೇಳಿದೆ. ಮೂರು, ನಾಲ್ಕು, ಐದು. ನನ್ನ ಹಾಡುಗಾರನಿಗೆ ಎಂಥೆಂಥ ಜನ ಪ್ರೀತಿಯಿಂದ ಕೊಟ್ಟಿದ್ದಾರೆ ಎಂದು ತೋರಿಸುವ ಹೆಮ್ಮೆ. ಎಂಟನೆಯದಕ್ಕೆ ಹೆಂಗಸಿನ ಅಳು ಕೇಳಿ ಅವನು ಮುಂದಕ್ಕೆ ಬಾಗಿದ.

"ಈ ತಾಯಿ?"

"ಆಕೀ ತಾಂಡೂರಿನಾಕಿ. ಮಳಿಗಾಲ್ದಾಗ ಅಂವ ಆಕೀ ಮನ್ಯಾಗೇ ಇರ್ತಾನಂತ."

"ತಾಂಡೂರಾಗ ಎಲ್ಲಿ?"

"ನನಗ ಗೊತ್ತಿಲ್ರಿ. ನಮ್ಮ ಮಾಮಾಗ ಗೊತ್ತದ."

ಅವನು ಚಹಾದ ಲೋಟ ಕೆಳಗಿಟ್ಟು ಕ್ಯಾಸೆಟ್ ಜೇಬಿಗಿಳಿಸಿ ಹೋದ. ನಾನು ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ.

ಹತ್ತು ದಿನಕ್ಕೆ ಚಪ್ಪಲಿ ಹೊಲಿಯುವ ಮುದುಕನನ್ನು ಠಾಣೆಗೆ ಕರೆದರು. ಅವನನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ: ಆ ಪಾದದ ಅಳತೆ ನಿನಗೆ ಹೇಗೆ ಗೊತ್ತು? ಸಂಜೆಯವರೆಗೆ ಅದನ್ನೇ ಕೇಳಿ ಬಿಟ್ಟರು. ನನಗೆ ಏನೂ ಅನ್ನಿಸಲಿಲ್ಲ. ನಾಲ್ಕು ದಿನ ಬಿಟ್ಟು ಬಳೆ ಮಾರುವವನನ್ನು ಕರೆದರು. ಸುದ್ದಿ ಕೇಳಿದಾಗ ನಾನು ಯಾರದೋ ಮದುವೆಯ ಕ್ಯಾಸೆಟ್ಟಿಗೆ ಚೀಟಿ ಅಂಟಿಸುತ್ತಿದ್ದೆ. ಚಪ್ಪಲಿ, ರುಮಾಲು. ಕೈ ಅಲ್ಲೇ ನಿಂತಿತು. ಟೇಪಿನಲ್ಲಿ ಮುಂದೆ ಬರುವುದು ಧೋತರ.

ಆಗಲಾದರೂ ಓಡಿಹೋಗಿ ಮಾವನಿಗೆ ಹೇಳಬೇಕಿತ್ತು. ಹೇಳಿದರೆ ಬೂಟಿನವನ ಕಥೆಯೂ ಹೇಳಬೇಕು. ಇರಲಿಕ್ಕಿಲ್ಲ, ಕಾಕತಾಳೀಯ ಇರಬೇಕು ಎಂದು ಎರಡು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪ್ರತಿಯೊಂದು ಜೀಪಿನ ಸಪ್ಪಳಕ್ಕೂ ಎದ್ದು ಬಾಗಿಲಿಗೆ ಬರುತ್ತಿದ್ದೆ. ಯಾವ ಜೀಪೂ ನನ್ನ ಅಂಗಡಿಯ ಮುಂದೆ ನಿಲ್ಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಾವನನ್ನು ಒಯ್ದರು. ಮುದುಕನನ್ನು ಬಿಟ್ಟಂತೆ, ಬಳೆಯವನನ್ನು ಬಿಟ್ಟಂತೆ ಅವನನ್ನು ಸಂಜೆ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ಅವನಿಂದ ಅವರಿಗೆ ಏನು ಬೇಕಿತ್ತೆಂದು ಆಗ ಹೊರಗೆ ಗೊತ್ತಿದ್ದವನು ನಾನೊಬ್ಬನೇ.

ಆರನೆಯ ದಿನ ಮಾವಿ ನನ್ನ ಅಂಗಡಿಗೆ ಬಂದಳು. ಅವಳು ಅಳಲಿಲ್ಲ. "ತಾಂಡೂರಿನಾಕೀ ಮನಿ ಎಲ್ಲದ ಅಂತ ಕೇಳ್ತಾರಂತ. ಅವ್ರು ಬಾಯಿ ಬಿಡೂದಿಲ್ಲ. ಬಿಡೂದಿಲ್ಲ ಅಂತನೇ ಅಂಜಿಕಿ. ನೀ ತಾಂಡೂರಿಗಿ ಹೋಗು. ಆಕೀಗಿ ಹೇಳು, ಮನಿ ಬಿಡು ಅಂತ." ದಾರಿ ಹೇಳಿದಳು: ಪಾಲಿಶ್ ಕಾರ್ಖಾನೆಯ ಹಿಂದೆ, ಒಡೆದ ಬಂಡೆಗಳನ್ನೇ ಅಡ್ಡಡ್ಡ ಪೇರಿಸಿದ ಗೋಡೆಯ ಮನೆ.

ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನ ತಾಂಡೂರಿಗೆ ಇಳಿದೆ. ಬೀದಿ, ಗಿಡ, ಎಮ್ಮೆಯ ಬೆನ್ನು, ಎಲ್ಲದರ ಮೇಲೂ ಕಲ್ಲಿನ ಬಿಳಿ ಧೂಳು. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಹತ್ತು ಸಲ ತಿರುಗಿ ನೋಡಿದೆ. ನನ್ನನ್ನೇ ಹಿಂಬಾಲಿಸಿ ಮನೆ ಹಿಡಿಯಲೆಂದು ನನ್ನನ್ನು ಬಿಟ್ಟಿದ್ದಾರೆಯೇ ಎಂಬ ಯೋಚನೆ ಬಂದದ್ದು ಅರ್ಧ ದಾರಿಯಲ್ಲಿ. ಆಗ ಒಂದು ಅಂಗಡಿಯ ಮುಂದೆ ಬಹಳ ಹೊತ್ತು ನಿಂತೆ. ಯಾರೂ ಬರಲಿಲ್ಲ.

ಆ ಹೆಂಗಸು ಮನೆಯಲ್ಲಿದ್ದಳು. ಅವನೂ ಇದ್ದ. ಮಳೆಗಾಲಕ್ಕೆ ಮುಂಚೆಯೇ ಬಂದುಬಿಟ್ಟಿದ್ದ, ಎದೆಯಲ್ಲಿ ಕೆಮ್ಮು ಕೂತಿತ್ತು. ರೊಟ್ಟಿ ಪಲ್ಯ ಮುಂದಿಟ್ಟುಕೊಂಡು ಕೂತಿದ್ದವನು ನನ್ನನ್ನು ಕಂಡು ನಕ್ಕ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಎಲ್ಲ ಅಂದರೆ, ಬೂಟಿನವನನ್ನು ಬಿಟ್ಟು. ಟೇಪಿನಲ್ಲಿದ್ದ ಸಾಲಿನಲ್ಲೇ ಕರೆಯುತ್ತಿದ್ದಾರೆ, ಮಾವನನ್ನು ಬಿಡುತ್ತಿಲ್ಲ, ಈ ತಾಯಿಯ ಹೆಸರು ಕೊನೆಗಿದೆ, ಹೊರಟುಬಿಡಿ ಅಂದೆ.

ಹೆಂಗಸು ಕೈ ಒರೆಸಿಕೊಂಡು ಅಂದಳು: "ನಾ ಯಾಕ ಹೋಗ್ಲಿ? ಕೂಗಿಸಿ ಕೊಟ್ಟೀನಿ. ಕದ್ದು ಕೊಟ್ಟಿಲ್ಲ."

ಅವನು ರೊಟ್ಟಿ ಮುರಿಯುತ್ತಿದ್ದ. "ಯಾರಿಂದ ಶುರು ಮಾಡ್ಯಾರ?" ಎಂದು ಕೇಳಿದ.

"ಚಪ್ಪಲಿ ಕೊಟ್ಟಾತನಿಂದ."

"ಚಪ್ಪಲಿ ಎರಡನೇದಲ್ಲ?"

ನಾನು ನೆಲ ನೋಡಿದೆ. ಅವನು ಮುರಿದ ರೊಟ್ಟಿಯ ಅರ್ಧವನ್ನು ನನ್ನ ಕಡೆ ಚಾಚಿದ. ತೆಗೆದುಕೊಂಡೆ. ತಿಂದೆ.

ಊಟ ಮುಗಿಸಿ, ಕೈ ತೊಳೆದು, ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡ. ಮುದುಕ ಹೊಲಿದದ್ದು, ಪಾದಕ್ಕೆ ಹೇಳಿ ಮಾಡಿಸಿದಂತಿತ್ತು. ಸೊಂಟದಲ್ಲಿದ್ದ ಕಲ್ಲಿನ ಪಟ್ಟಿಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. "ಇವುಗಳ ದನಿ ನಿಮಗ ಭಾಳ ಸೇರ್ತದ. ಇಟ್ಕೋರಿ. ಒಳಗ ಒಯ್ದರ ಒಡೀತಾರ." ಹೆಂಗಸು ಬಾಗಿಲಿಗೆ ಅಡ್ಡ ನಿಂತಳು. ಅವನು ಅವಳ ಹೆಸರು ಹಿಡಿದು, ಬರೀ ಹೆಸರು, ಒಮ್ಮೆ ಕರೆದ. ಅವಳು ಸರಿದಳು. ಹಾಡುಹಗಲು, ಸಂತೆಯ ಜನದ ನಡುವೆ ಅವನು ಠಾಣೆಯ ಕಡೆ ನಡೆದುಹೋಗುವುದನ್ನು ನಾವಿಬ್ಬರೂ ನಿಂತು ನೋಡಿದೆವು. ನಾನು ಅವನನ್ನು ಕೂಗಿ ನಿಲ್ಲಿಸಲಿಲ್ಲ. ಮಾವ ಬದುಕಿ ಬರುತ್ತಾನೆಂಬ ಆಸೆಯೂ ನನ್ನ ಗುಟ್ಟು ಹೊರಬೀಳುವುದಿಲ್ಲವೆಂಬ ಸಮಾಧಾನವೂ ಒಟ್ಟಿಗೇ ಬಂದವು. ಅದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ಎರಡು ದಿನದಲ್ಲಿ ಮಾವನನ್ನು ಬಿಟ್ಟರು. ಬಲಗಿವಿ ಹೋಗಿತ್ತು. ಮನೆಗೆ ಕರೆದೊಯ್ಯಲು ಠಾಣೆಯ ಬಾಗಿಲಿಗೆ ಆಟೋ ತಂದಿದ್ದ ನನ್ನನ್ನು ಅವನು ಕೇಳಿದ್ದು ಇಷ್ಟೇ:

"ನಿನಗ ಕರೀಲಿಲ್ಲೇನು?"

"ಇಲ್ಲ ಮಾಮಾ."

"ಹಾಂ," ಅಂದ. ಆಟೋ ಹತ್ತಿ ಕೂತ. ಐದನೆಯ ಹೆಸರನ್ನು ಅವರು ಕರೆಯಲಿಲ್ಲ, ಎಂಟನೆಯದಕ್ಕೆ ಹೋಗಲಿಲ್ಲ. ಅವರಿಗೆ ಬೇಕಾದವನು ಸಿಕ್ಕಿದ್ದ. ಮರುದಿನ ಅಂಗಡಿಯ ಬಾಗಿಲು ಹಾಕಿಕೊಂಡು ಅಸಲು ಕ್ಯಾಸೆಟ್ ತೆಗೆದು ಎಂಟೂ ಹೆಸರು ಅಳಿಸಿದೆ. ಏಳು ಮನೆಯ ಪ್ರತಿಗಳನ್ನು ಒಲೆಗೆ ಹಾಕಿಸಿದೆ. ಮೊದಲ ಹೆಸರು ನನ್ನದು, ಠಾಣೆಯವರು ಶುರು ಮಾಡಿದ್ದು ಎರಡನೆಯದರಿಂದ ಎಂದು ಯಾರೂ ಟೇಪು ಹಚ್ಚಿ ಎಣಿಸಬಾರದಿತ್ತು. ನಿಮ್ಮನ್ನೆಲ್ಲ ಉಳಿಸಲು ಹೀಗೆ ಮಾಡಿದೆ ಎಂದೆ. ಜನ ನಂಬಿದರು, ಶಹಬ್ಬಾಸ್ ಅಂದರು.

ಅವನು ಹೊರಬಂದದ್ದು ಎರಡು ಮಳೆಗಾಲ ಕಳೆದ ಮೇಲೆ. ಮೇಲಿದ್ದ ಆರೋಪ ಒಂದೂ ನಿಲ್ಲಲಿಲ್ಲ, ಅವನೂ ನಿಲ್ಲುವ ಹಾಗಿರಲಿಲ್ಲ. ಒಮ್ಮೆ ಕಲ್ಲುಗಳನ್ನು ಹಿಂದಿರುಗಿಸಲು ಹೋದೆ. ತಪ್ಪೊಪ್ಪಿಕೊಳ್ಳಲೆಂದೂ ಹೋಗಿದ್ದೆ. ಅದೇ ಬಂಡೆಗೋಡೆಯ ಮನೆಯಲ್ಲಿ ಹೊರಸಿನ ಮೇಲೆ ಮಲಗಿದ್ದ. ಪಟ್ಟಿಗಳನ್ನು ಬೆರಳಿನ ನಡುವೆ ಇಟ್ಟುಕೊಂಡು ಒಮ್ಮೆ ಬಾರಿಸಿ ಹಿಂದಕ್ಕೆ ಕೊಟ್ಟ. "ಹಾಡಾಕ ಉಸಿರಿಲ್ರಿ. ಕಲ್ಲೆಲ್ಲ ಒಳಗೇ ಕುಂತದ" ಎಂದು ಎದೆ ತೋರಿಸಿದ. ನಾನು ಬಾಯಿ ತೆರೆದೆ. ಅವನು ಕೈಯೆತ್ತಿ ತಡೆದು, ಚಹಾ ಕುಡಿದು ಹೋಗಿ ಅಂದ. ಕುಡಿದು ಬಂದೆ. ರಾಜ್ಯ ಬರುವ ಮೊದಲೇ ಅವನು ಹೋದ.

ರಾಜ್ಯ ಬಂತು. ಪಟಾಕಿ ಹಾರಿತು, ಸಿಹಿ ಹಂಚಿದರು. ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದವರೆಲ್ಲ ಅವನ ಗೆಳೆಯರಾದರು. ಮಾವನ ಊರಿನ ಶಾಲೆಯ ಅಂಗಳದಲ್ಲಿ ಒಂದು ಬೆಳಿಗ್ಗೆ ಅವನ ನೆನಪಿನ ಸಭೆ ಮಾಡಿದರು. ಹಾಡನ್ನು ಕಾಪಾಡಿದವನು, ಹೆಸರುಗಳನ್ನು ರಕ್ಷಿಸಿದವನು ಎಂದು ನನ್ನನ್ನು ಮುಂದೆ ಕೂರಿಸಿ ಶಾಲು ಹೊದಿಸಿದರು. ನಾನು ಬೇಡವೆನ್ನಲಿಲ್ಲ. ಮಾವ ಮೊದಲ ಸಾಲಿನಲ್ಲಿ ಕೋಲು ಊರಿಕೊಂಡು, ಎಡಗಿವಿಯನ್ನು ಸ್ಪೀಕರ್ ಪೆಟ್ಟಿಗೆಯ ಕಡೆ ತಿರುಗಿಸಿ ಕೂತಿದ್ದ. ಪಕ್ಕದಲ್ಲಿ ತಾಂಡೂರಿನ ಆ ಹೆಂಗಸು.

ಕ್ಯಾಸೆಟ್ ಹಚ್ಚಿದೆ. ಕಲ್ಲಿನ ದನಿ ಅಂಗಳ ತುಂಬಿತು. ಮೊದಲ ಹಾಡು ಮುಗಿದು ಮೊದಲ ಖಾಲಿ ಜಾಗ ಬಂತು. ಪೆಟ್ಟಿಗೆಯಿಂದ ಸುಯ್ಯೆನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಜನ ಕಾದರು. ಮಾವ ಅಲುಗಾಡಲಿಲ್ಲ. ಎರಡನೆಯ ಹಾಡು ಬಂತು, ಮುಗಿಯಿತು, ಎರಡನೆಯ ಖಾಲಿ ಜಾಗ ಶುರುವಾಯಿತು. ಮಾವ ಕೋಲೂರಿ ಎದ್ದು ನಿಂತ. ಸತ್ತುಹೋಗಿದ್ದ ಆ ಮುದುಕನ ಬರೀ ಹೆಸರನ್ನು, ಒಂದು ಜೋಡು ಚಪ್ಪಲಿಯನ್ನು, ಮದುವೆಯ ಹಂದರದಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದ.  ಮೂರನೆಯದಕ್ಕೆ ಬಳೆಯವನ ರುಮಾಲು. ನಾಲ್ಕನೆಯದಕ್ಕೆ ತನ್ನದೇ ಧೋತರ. ಹೀಗೆ ಒಂದೊಂದು ಹಾಡಾದ ಮೇಲೂ ಎದ್ದು, ಟೇಪಿನಲ್ಲಿ ನಾನು ಕೊರೆದ ತೂತುಗಳನ್ನು ಒಂದೊಂದಾಗಿ ತುಂಬಿದ. ಎಂಟನೆಯದಕ್ಕೆ ತನ್ನ ಹೆಸರು ಕೇಳಿ ಆ ಹೆಂಗಸು ಮತ್ತೆ ಅತ್ತಳು.

ಹಾಡು ಮುಗಿದ ಮೇಲೆ ಒಬ್ಬ ಎದ್ದು, ಅಜ್ಜಾ, ಮೊದಲನೇದೊಂದು ಬಿಟ್ಟಿರಲ್ಲ, ಅದು ಯಾರದು ಎಂದು ಕೇಳಿದ. ಮಾವ ನನ್ನ ಕಡೆ ತಿರುಗಿ ನೋಡಿದ. ಸಿಟ್ಟಿನಿಂದಲ್ಲ. ಠಾಣೆಯ ಬಾಗಿಲಲ್ಲಿ ನೋಡಿದ ಹಾಗೆಯೇ ನೋಡಿದ.

"ಠಾಣ್ಯಾದವ್ರೂ ಎರಡನೇದ್ರಿಂದನೇ ಶುರು ಮಾಡಿದ್ರು," ಅಂದ. "ನಾನೂ ಅಲ್ಲಿಂದನೇ ಮಾಡೀನಿ."

ನಾನು ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟೆ. ಯಾರೂ ಅದನ್ನು ಎತ್ತಿಕೊಡಲಿಲ್ಲ.